ನಗರದ ಅಂಗಿ ಹೊಲಿದವರ ವಿಳಾಸ

ಅಮೆರಿಕದ ಯಾವುದೋ ಒಂದು ನಗರದಲ್ಲಿ ಉದ್ಯಾನ ನೋಡಿಕೊಳ್ಳುವ ಸಿಬ್ಬಂದಿಯ ಅಂಗಿಯನ್ನು ತೆಗೆದುಕೊಂಡು, ಕೊರಳಪಟ್ಟಿಯ ಒಳಗೆ ಹೊಲಿದಿರುವ ಚೀಟಿಯನ್ನು ಓದಿ ನೋಡಿ. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬುದು ಅದರಲ್ಲಿರುತ್ತದೆ; ಹೇಗೆ ಒಗೆಯಬೇಕು ಎಂಬುದಿರುತ್ತದೆ; ತಯಾರಾದ ದೇಶದ ಹೆಸರಿರುತ್ತದೆ; 'ಆರ್‌ಎನ್' ಎಂಬ ಎರಡಕ್ಷರದ ಪಕ್ಕದಲ್ಲಿ ಒಂದು ಸಂಖ್ಯೆಯೂ ಸಾಮಾನ್ಯವಾಗಿ ಇರುತ್ತದೆ. ಆ ಸಂಖ್ಯೆಯನ್ನು ಅಲ್ಲಿನ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಅಮೆರಿಕದಲ್ಲಿರುವ ಒಂದು ಕಂಪನಿ, ಎಂದರೆ ಬಟ್ಟೆಯನ್ನು ತರಿಸಿಕೊಂಡ ಅಥವಾ ಮಾರಿದ ಕಂಪನಿ. ಅಂಗಿಯನ್ನು ಹೊಲಿದ ಕಾರ್ಖಾನೆಯ ಹೆಸರಾಗಲಿ ಬೀದಿಯಾಗಲಿ ಆ ಚೀಟಿಯಲ್ಲಿ ಇರುವುದಿಲ್ಲ, ಇರಬೇಕೆಂದು ಕಾನೂನೂ ಕೇಳುವುದಿಲ್ಲ. ತೆರಿಗೆದಾರರ ಹಣದಲ್ಲಿ ಕೊಂಡ ಬಟ್ಟೆಯನ್ನು ಯಾರನ್ನೂ ಹಿಂಡಿ ಹೊಲಿಸಿಲ್ಲ ಎಂದು ನಗರಾಡಳಿತ ಹೇಳಿಕೊಳ್ಳಬೇಕಾದರೆ ಮೊದಲು ಬೇಕಾಗುವುದು ಈ ಕಾಣೆಯಾದ ವಿಳಾಸವೇ. ಸುಮಾರು ಮೂರು ದಶಕಗಳಿಂದ ಅಮೆರಿಕ ಮತ್ತು ಯುರೋಪಿನ ಹಲವು ನಗರಗಳು ಮಾಡಿಕೊಂಡಿರುವ 'ಸ್ವೆಟ್‌ಶಾಪ್ ಮುಕ್ತ ಖರೀದಿ' ನಿಯಮಗಳ ಗಟ್ಟಿತನ ನಿಂತಿರುವುದೂ, ಅವು ಕುಸಿಯುವುದೂ, ಬಹುಮಟ್ಟಿಗೆ ಈ ಒಂದು ವಿವರದ ಮೇಲೆ.

ಸ್ವೆಟ್‌ಶಾಪ್ ಎಂಬ ಮಾತಿಗೆ ಕನ್ನಡದಲ್ಲಿ ಸರಿಹೊಂದುವ ಪದವಿಲ್ಲ. ಬೆವರು ನಮ್ಮಲ್ಲಿ ಮರ್ಯಾದೆಯ ಮಾತು. ಬೆವರು ಸುರಿಸಿ ಉಂಡ ಅನ್ನ ಎಂದರೆ ಹೊಗಳಿದಂತೆ. ಹತ್ತೊಂಬತ್ತನೆಯ ಶತಮಾನದ ಲಂಡನ್ ಮತ್ತು ನ್ಯೂಯಾರ್ಕ್‌ಗಳ ದರ್ಜಿ ಕಸುಬಿನಲ್ಲಿ ಮಾತ್ರ ಆ ಪದ ಬೆವರು ಸುರಿಸುವವನಿಗೆ ಅಂಟಲಿಲ್ಲ, ಇನ್ನೊಬ್ಬರು ಬೆವರು ಸುರಿಸುವ ಹಾಗೆ ಮಾಡುವವನಿಗೆ ಅಂಟಿತು. ದೊಡ್ಡ ಅಂಗಡಿಯಿಂದ ಕತ್ತರಿಸಿದ ಬಟ್ಟೆಯ ಮೂಟೆ ಹೊತ್ತು ತಂದು, ಬಾಡಿಗೆ ಕೋಣೆಗಳಲ್ಲಿ ಕೂತ ಹೆಂಗಸರಿಗೆ, ವಲಸಿಗರಿಗೆ ಹಂಚಿ, ಅಂಗಡಿ ಕೊಟ್ಟ ದರಕ್ಕೂ ತಾನು ಕೊಟ್ಟ ಕೂಲಿಗೂ ನಡುವಿನ ವ್ಯತ್ಯಾಸವನ್ನು ಲಾಭ ಮಾಡಿಕೊಳ್ಳುತ್ತಿದ್ದ ಮಧ್ಯವರ್ತಿಯೇ 'ಸ್ವೆಟರ್'. ಆದ್ದರಿಂದ ಸ್ವೆಟ್‌ಶಾಪ್ ಎಂದರೆ ಬರಿಯ ಕೊಳಕು ಕಾರ್ಖಾನೆಯಲ್ಲ. ಕೊಳ್ಳುವವನಿಗೂ ಹೊಲಿಯುವವಳಿಗೂ ನಡುವೆ ಗುತ್ತಿಗೆಯ ಮೇಲೆ ಗುತ್ತಿಗೆ ಬಂದು, ಕೊನೆಗೆ ಯಾರೂ ಹೊಣೆ ಹೊರದ ವ್ಯವಸ್ಥೆಯದು.

ಸರ್ಕಾರಿ ಖರೀದಿಯ ಮೂಲಕ ಇದನ್ನು ಹಿಡಿಯುವ ಯೋಚನೆ ಹೊಸದಲ್ಲ. ಸರ್ಕಾರಿ ಗುತ್ತಿಗೆದಾರರು ನ್ಯಾಯವಾದ ಕೂಲಿ ಕೊಡಬೇಕೆಂಬ ನಿರ್ಣಯವನ್ನು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 1891ರಲ್ಲೇ ಅಂಗೀಕರಿಸಿತ್ತು. ಅಮೆರಿಕ 1936ರಲ್ಲಿ ವಾಲ್ಶ್-ಹೀಲಿ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರಕ್ಕೆ ಸರಕು ಒದಗಿಸುವ ಕಾರ್ಖಾನೆಗಳಿಗೆ ಕೂಲಿ ಮತ್ತು ಕೆಲಸದ ಅವಧಿಯ ಷರತ್ತು ಹಾಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1949ರಲ್ಲಿ ಇದೇ ವಿಷಯಕ್ಕೆ 94ನೆಯ ಒಡಂಬಡಿಕೆಯನ್ನು ರೂಪಿಸಿತು. ಭಾರತವೂ ಅಮೆರಿಕವೂ ಅದನ್ನು ಅನುಮೋದಿಸಿಲ್ಲ. ಇವೆಲ್ಲವೂ ಗುತ್ತಿಗೆದಾರ ಮತ್ತು ಅವನ ಕಾರ್ಖಾನೆ ಒಂದೇ ದೇಶದಲ್ಲಿದ್ದ ಕಾಲದ ಏರ್ಪಾಡುಗಳು. ಹೊಲಿಗೆಯ ಕೆಲಸ ಗಡಿ ದಾಟಿ ಹೋದ ಮೇಲೆ ಇವುಗಳ ಕೈಗೆ ಸಿಗುತ್ತಿದ್ದುದು ಗೋದಾಮು ಇಟ್ಟುಕೊಂಡ ವಿತರಕ ಮಾತ್ರ.

1995ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಮೊಂಟೆ ಎಂಬಲ್ಲಿ, ಮುಳ್ಳುತಂತಿಯ ಬೇಲಿಯೊಳಗಿನ ಮನೆಗಳಲ್ಲಿ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದ 72 ಥಾಯ್ ಕಾರ್ಮಿಕರನ್ನು ಅಧಿಕಾರಿಗಳು ಬಿಡಿಸಿದರು. ಸ್ವೆಟ್‌ಶಾಪ್ ಎಂಬುದು ಹಳೆಯ ಕಾಲದ್ದು ಅಥವಾ ದೂರದ ದೇಶದ್ದು ಎಂದುಕೊಂಡಿದ್ದ ಅಮೆರಿಕನ್ನರಿಗೆ ಅದು ಆಘಾತವಾಯಿತು. ಎರಡು ವರ್ಷದೊಳಗೆ, 1997ರಲ್ಲಿ, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಬಳಿಯ ನಾರ್ತ್ ಓಲ್ಮ್‌ಸ್ಟೆಡ್ ಎಂಬ ಸಣ್ಣ ಪಟ್ಟಣ, ಸ್ವೆಟ್‌ಶಾಪ್‌ನಲ್ಲಿ ತಯಾರಾದ ವಸ್ತುಗಳನ್ನು ತಾನು ಕೊಳ್ಳುವುದಿಲ್ಲ ಎಂದು ಅಮೆರಿಕದಲ್ಲೇ ಮೊದಲ ಬಾರಿಗೆ ನಿಯಮ ಮಾಡಿತು. ಮೇನ್ ರಾಜ್ಯ 2001ರಲ್ಲಿ ಇದೇ ದಾರಿ ಹಿಡಿಯಿತು. 2004ರಲ್ಲಿ ಲಾಸ್ ಏಂಜಲೀಸ್, 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, 2008ರಲ್ಲಿ ಪೋರ್ಟ್‌ಲ್ಯಾಂಡ್ ನಿಯಮ ತಂದವು. ಪೊಲೀಸರು, ಅಗ್ನಿಶಾಮಕ ದಳದವರು, ಆಸ್ಪತ್ರೆಯವರು, ಸಾರಿಗೆಯವರು ಎಂದು ಲೆಕ್ಕ ಹಾಕಿದರೆ ದೊಡ್ಡ ನಗರವೊಂದು ಪ್ರತಿ ವರ್ಷ ಕೊಳ್ಳುವ ಸಮವಸ್ತ್ರ, ಹಾಸಿಗೆ ಬಟ್ಟೆ, ಕೈಗವಸು, ಬೂಟುಗಳ ರಾಶಿ ಸಣ್ಣದೇನಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಢಾಕಾದ ಅಥವಾ ಬೆಂಗಳೂರಿನ ಕಾರ್ಖಾನೆಯಲ್ಲಿ ಕೂಲಿ ಎಷ್ಟಿರಬೇಕು ಎನ್ನಲು ಸ್ಯಾನ್ ಫ್ರಾನ್ಸಿಸ್ಕೋ ಯಾರು? ಆಳುವ ಅಧಿಕಾರದ ದೃಷ್ಟಿಯಿಂದ ಅದು ಯಾರೂ ಅಲ್ಲ. ಆದರೆ ಗಿರಾಕಿಯಾಗಿ ಅದಕ್ಕೆ ಹಕ್ಕಿದೆ. ತನಗೆ ಬೇಕಾದ ಅಂಗಿ ಇಂಥ ಬಣ್ಣದ್ದು, ಇಂಥ ಅಳತೆಯದು, ಇಂಥ ರೀತಿಯಲ್ಲಿ ತಯಾರಾದದ್ದು ಆಗಿರಬೇಕು ಎಂದು ಕೇಳುವ ಹಕ್ಕು ಅದು. ಸರ್ಕಾರ ಆಳುವವನ ಪಾತ್ರದಲ್ಲಿಲ್ಲದೆ ಮಾರುಕಟ್ಟೆಯಲ್ಲಿ ಕೊಳ್ಳುವವನ ಪಾತ್ರದಲ್ಲಿರುವಾಗ ಅದಕ್ಕೆ ಹೆಚ್ಚಿನ ಸ್ವಾತಂತ್ರ್ಯವಿದೆ ಎಂಬುದನ್ನು ಅಮೆರಿಕದ ನ್ಯಾಯಾಲಯಗಳು ಒಪ್ಪಿವೆ. ಆದರೆ ಆ ಸ್ವಾತಂತ್ರ್ಯಕ್ಕೆ ಮಿತಿಯೂ ಇದೆ. ಬರ್ಮಾದೊಂದಿಗೆ ವ್ಯಾಪಾರ ಮಾಡುವ ಕಂಪನಿಗಳಿಂದ ಖರೀದಿಯನ್ನು ನಿರ್ಬಂಧಿಸುವ ಕಾನೂನನ್ನು ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಮಾಡಿದ್ದಾಗ, 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ರದ್ದುಮಾಡಿತು. ಬರ್ಮಾದ ಮೇಲಿನ ನಿರ್ಬಂಧದ ವಿಷಯದಲ್ಲಿ ಕೇಂದ್ರದ ಕಾನೂನು ಇರುವಾಗ ರಾಜ್ಯ ತನ್ನದೇ ವಿದೇಶಾಂಗ ನೀತಿ ನಡೆಸಲಾಗದು ಎಂಬುದು ಅದರ ತಾತ್ಪರ್ಯ. ಅದಕ್ಕೂ ಮೊದಲು 1986ರಲ್ಲಿ, ಕಾರ್ಮಿಕ ಕಾನೂನನ್ನು ಮತ್ತೆ ಮತ್ತೆ ಉಲ್ಲಂಘಿಸಿದ ಕಂಪನಿಗಳಿಂದ ಏನನ್ನೂ ಕೊಳ್ಳುವುದಿಲ್ಲ ಎಂದಿದ್ದ ವಿಸ್ಕಾನ್ಸಿನ್ ರಾಜ್ಯಕ್ಕೂ ಅದೇ ಕೋರ್ಟ್ ತಡೆ ಹಾಕಿತ್ತು. ಅದು ಖರೀದಿಯಲ್ಲ, ಖರೀದಿಯ ವೇಷದಲ್ಲಿರುವ ಶಿಕ್ಷೆ ಎಂದು.

ಈ ಎರಡು ತೀರ್ಪುಗಳ ನಡುವಿನ ಕಿರುದಾರಿಯಲ್ಲೇ ನಗರಗಳ ನಿಯಮಗಳು ನಡೆಯಬೇಕು. ಅವು ಯಾವ ದೇಶದ ಹೆಸರನ್ನೂ ಎತ್ತುವುದಿಲ್ಲ. ಕಂಪನಿಯ ಒಟ್ಟಾರೆ ನಡತೆಯನ್ನು ತೂಗುವುದಕ್ಕಿಂತ, ಈ ಗುತ್ತಿಗೆಯ ಅಡಿಯಲ್ಲಿ ನಮಗೆ ಬರುವ ಈ ಬಟ್ಟೆಯನ್ನು ತಯಾರಿಸಿದ ಜಾಗಗಳಲ್ಲಿ ಇಂತಿಂಥ ಷರತ್ತುಗಳು ಪಾಲನೆಯಾಗಿರಬೇಕು ಎಂದು ಕೇಳುತ್ತವೆ.

ಸ್ಯಾನ್ ಫ್ರಾನ್ಸಿಸ್ಕೋದ ನಿಯಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗುತ್ತಿಗೆದಾರ ಮತ್ತು ಅವನ ಉಪಗುತ್ತಿಗೆದಾರರು ತಮ್ಮ ದೇಶದ ಕಾರ್ಮಿಕ ಕಾನೂನುಗಳನ್ನು ಪಾಲಿಸಬೇಕು; ಬಾಲಕಾರ್ಮಿಕರನ್ನಾಗಲಿ ಬಲವಂತದ ದುಡಿಮೆಯನ್ನಾಗಲಿ ಬಳಸಬಾರದು; ಸಂಘ ಕಟ್ಟುವ ಹಕ್ಕಿಗೆ ಅಡ್ಡಿ ಮಾಡಬಾರದು; ಕೂಲಿ ಒಂದು ಮಟ್ಟಕ್ಕಿಂತ ಕೆಳಗಿರಬಾರದು. ವಿದೇಶಗಳಲ್ಲಿ ಆ ಮಟ್ಟವನ್ನು ಆಯಾ ದೇಶದ ಬದುಕಿನ ವೆಚ್ಚಕ್ಕೆ ಹೊಂದಿಸಿ ಲೆಕ್ಕ ಹಾಕಲಾಗುತ್ತದೆ. ಇಷ್ಟನ್ನು ಯಾವ ಕಂಪನಿಯ ನೀತಿಸಂಹಿತೆಯಲ್ಲಾದರೂ ಓದಬಹುದು, ಹೆಚ್ಚು ಚಂದದ ಮಾತುಗಳಲ್ಲೇ ಓದಬಹುದು. ಅವುಗಳಲ್ಲಿ ಕಾಣದ ಮೂರು ಸಂಗತಿಗಳು ಇಲ್ಲಿವೆ: ಕಾರ್ಖಾನೆಗಳ ಹೆಸರು ವಿಳಾಸಗಳನ್ನು ನಗರಕ್ಕೆ ಬರೆದು ಕೊಡಬೇಕು ಎಂಬ ಬಾಧ್ಯತೆ, ಕಂಪನಿಯಿಂದ ಹಣ ಪಡೆಯದ ಸ್ವತಂತ್ರ ತಪಾಸಣಾ ಸಂಸ್ಥೆ, ಮತ್ತು ನಿಯಮದ ಜಾರಿಯ ಮೇಲೆ ಕಣ್ಣಿಡಲು ಹೊರಗಿನವರನ್ನೂ ಒಳಗೊಂಡ ಒಂದು ಸಲಹಾ ಮಂಡಳಿ. ತಪಾಸಣೆಗೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಗೊತ್ತುಮಾಡಿಕೊಂಡದ್ದು ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯನ್ನು. ಅಮೆರಿಕದ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯಗಳ ಲಾಂಛನವಿರುವ ಬಟ್ಟೆಗಳು ಎಲ್ಲಿ ತಯಾರಾಗುತ್ತವೆ ಎಂದು ಕೇಳಿ ನಡೆಸಿದ ಚಳವಳಿಯಿಂದ 2000ದಲ್ಲಿ ಹುಟ್ಟಿದ ಸಂಸ್ಥೆ ಅದು.

ವಿಳಾಸಕ್ಕೆ ಇಷ್ಟು ಮಹತ್ವ ಯಾಕೆಂದರೆ, ನಗರಕ್ಕೂ ಹೊಲಿಗೆ ಯಂತ್ರಕ್ಕೂ ನಡುವೆ ಕನಿಷ್ಠ ಮೂರು ಕೈಗಳಿರುತ್ತವೆ. ಟೆಂಡರ್ ಗೆಲ್ಲುವುದು ಸ್ಥಳೀಯ ವಿತರಕ. ಅವನು ಕೊಳ್ಳುವುದು ಒಂದು ಬ್ರ್ಯಾಂಡಿನಿಂದ. ಬ್ರ್ಯಾಂಡ್ ಆರ್ಡರ್ ಕೊಡುವುದು ಒಂದು ಕಾರ್ಖಾನೆಗೆ. ಗಡುವು ಹತ್ತಿರವಾದಾಗ ಆ ಕಾರ್ಖಾನೆ ಒಂದಷ್ಟು ಪೀಸುಗಳನ್ನು ಇನ್ನೊಂದು ಶೆಡ್ಡಿಗೆ ಕಳಿಸುತ್ತದೆ. ವಿತರಕನು 'ನಮ್ಮ ಸರಕು ಸ್ವೆಟ್‌ಶಾಪ್ ಮುಕ್ತ' ಎಂದು ಅಫಿಡವಿಟ್ ಬರೆದುಕೊಡುವಾಗ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಬಹಳ ಸಲ ಅವನಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದೇ ಅವನಿಗೆ ಅನುಕೂಲ. 2012ರ ನವೆಂಬರ್‌ನಲ್ಲಿ ಢಾಕಾ ಬಳಿಯ ತಜ್ರೀನ್ ಕಾರ್ಖಾನೆ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿ ಸಿಕ್ಕ ಕಾಗದಪತ್ರಗಳಲ್ಲಿ ಅಮೆರಿಕದ ಸೇನೆಯ ಒಂದು ಅಂಗವಾದ ಮರೀನ್ ಕೋರ್ ಲಾಂಛನವಿರುವ ಉಡುಪಿನ ಆರ್ಡರ್ ಇತ್ತು. ಅಮೆರಿಕದ ಸೈನಿಕರ ಸಮವಸ್ತ್ರವನ್ನು ಆ ದೇಶದಲ್ಲೇ ತಯಾರಿಸಬೇಕೆಂಬ ಕಾನೂನು 1941ರಿಂದಲೂ ಇದೆ. ಲಾಂಛನವನ್ನು ಪರವಾನಗಿಯ ಮೇಲೆ ಬಳಸಿ ಅಂಗಡಿಯಲ್ಲಿ ಮಾರುವ ಬಟ್ಟೆ ಆ ಕಾನೂನಿನ ಹೊರಗೆ ಉಳಿದಿತ್ತು.

ವಿಳಾಸ ಸಿಕ್ಕಮೇಲೆ ತಪಾಸಣೆ. ಇಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸದ ಪರಿಚಯವಿರುವ ಯಾರಿಗಾದರೂ 'ಆಡಿಟ್ ದಿನ' ಎಂದರೆ ಏನೆಂದು ಹೇಳಬೇಕಿಲ್ಲ. ಅಂದು ಶೌಚಾಲಯದಲ್ಲಿ ಸೋಪು ಇರುತ್ತದೆ, ತುರ್ತು ಬಾಗಿಲಿಗೆ ಅಡ್ಡವಾಗಿದ್ದ ರಟ್ಟಿನ ಪೆಟ್ಟಿಗೆಗಳು ಸರಿದಿರುತ್ತವೆ, ಲೈನಿನ ತಲೆಯಲ್ಲಿ ಗಂಟೆಗಂಟೆಗೂ ಟಾರ್ಗೆಟ್ ಬರೆಯುವ ಹಲಗೆಯ ಮುಂದೆ ಸೂಪರ್‌ವೈಸರ್ ಕೂಗಾಡುವುದಿಲ್ಲ, ಕೇಳಿದರೆ ಏನು ಹೇಳಬೇಕು ಎಂಬುದನ್ನು ಹಿಂದಿನ ದಿನವೇ ಹೇಳಿಕೊಟ್ಟಿರುತ್ತಾರೆ. ಮ್ಯಾನೇಜರ್ ಹತ್ತು ಹೆಜ್ಜೆ ದೂರದಲ್ಲಿ ನಿಂತಿರುವಾಗ ಹೆಲ್ಪರ್ ಹುಡುಗಿ ಓಟಿ (ಓವರ್‌ಟೈಮ್) ದುಡ್ಡು ಸರಿಯಾಗಿ ಬರುತ್ತಿಲ್ಲ ಎಂದು ಹೇಳಿಯಾಳೇ? ತಪಾಸಕನಿಗೆ ಶುಲ್ಕ ಕೊಡುವುದು ತಪಾಸಣೆಗೆ ಒಳಗಾಗುವ ಕಾರ್ಖಾನೆ ಅಥವಾ ಅದರ ಗಿರಾಕಿಯೇ ಆದಾಗ ವರದಿಯ ಧಾಟಿಯೂ ಅದಕ್ಕೆ ತಕ್ಕಂತೆ ಇರುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ8000 ಎಂಬ ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರ ಸಿಕ್ಕಿತ್ತು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವಾರ್‌ನಲ್ಲಿ ಕುಸಿದು 1,100ಕ್ಕೂ ಹೆಚ್ಚು ಜನರನ್ನು ಕೊಂದ ರಾಣಾ ಪ್ಲಾಜಾ ಕಟ್ಟಡದೊಳಗೆ ಕೂಡ ಆಡಿಟ್ ಆಗಿದ್ದ ಕಾರ್ಖಾನೆಗಳಿದ್ದವು. ಆಡಿಟ್‌ನ ಪಟ್ಟಿಯಲ್ಲಿ ಕಟ್ಟಡದ ಕಂಬಗಳು ಸೇರಿರಲಿಲ್ಲ.

ಆದ್ದರಿಂದಲೇ ಒಳ್ಳೆಯ ನಿಯಮಗಳು ತಪಾಸಣೆಯನ್ನು ದೂರಿನಿಂದ ಆರಂಭಿಸುತ್ತವೆ. ಕಾರ್ಖಾನೆಯ ಹೊರಗೆ, ಕಾರ್ಮಿಕರ ಬಡಾವಣೆಯಲ್ಲಿ, ಅವರ ಭಾಷೆಯಲ್ಲಿ, ಅವರು ನಂಬುವ ಸಂಘದ ಮೂಲಕ ಮಾತನಾಡಿಸುವುದು, ಹೇಳಿದವರ ಹೆಸರನ್ನು ಬಿಟ್ಟುಕೊಡದಿರುವುದು, ವರದಿಯನ್ನು ಪ್ರಕಟಿಸುವುದು. ಇದಕ್ಕೆ ಹಣ ಬೇಕು. ಎಷ್ಟೋ ನಗರಗಳು ನಿಯಮವನ್ನು ಚಪ್ಪಾಳೆಯೊಂದಿಗೆ ಪಾಸುಮಾಡಿ, ತಪಾಸಣೆಗೆ ಒಂದು ಬಿಡಿಗಾಸನ್ನೂ ಇಡದೆ, ಅಫಿಡವಿಟ್ಟುಗಳನ್ನು ಕಡತಕ್ಕೆ ಹೊಲಿದು ಕೂರುತ್ತವೆ. ನನ್ನ ದೃಷ್ಟಿಯಲ್ಲಿ ಅಂಥ ನಿಯಮ ಇಲ್ಲದಿದ್ದರೇ ವಾಸಿ; ಇದ್ದರೆ ಕೊಳ್ಳುವವರ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಹೊಲಿಯುವವರಿಗೆ ಏನೂ ಸಿಗುವುದಿಲ್ಲ.

ಯುರೋಪಿನಲ್ಲಿ ಇದೇ ಸಂಗತಿ ಬೇರೆ ರೂಪ ತಾಳಿತು, ಅದರ ಒಂದು ಎಳೆ ನೇರವಾಗಿ ಕರ್ನಾಟಕಕ್ಕೂ ಬಂದು ಮುಟ್ಟುತ್ತದೆ. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು ಮೊದಲಾದ ನಮ್ಮ ಗ್ರಾನೈಟ್ ಹಡಗೇರಿ ಹೋಗಿ ಯುರೋಪಿನ ನಗರಗಳ ಕಟ್ಟಡ, ಬೀದಿ, ಸಮಾಧಿಗಳಿಗೆ ಬಳಕೆಯಾಗುತ್ತದೆ. ಕರ್ನಾಟಕ, ತೆಲಂಗಾಣ, ಆಂಧ್ರಗಳ ಕ್ವಾರಿಗಳ ಬಗ್ಗೆ ನೆದರ್‌ಲೆಂಡ್ಸ್‌ನ ಇಂಡಿಯಾ ಕಮಿಟಿ ಮತ್ತು ಅದರ ಜೊತೆಗಾರ ಸಂಸ್ಥೆಗಳು 2017ರಲ್ಲಿ ಹೊರತಂದ ವರದಿ, ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ವಲಸೆ ಕೂಲಿಗಳನ್ನು, ಧೂಳಿನಲ್ಲಿ ರಕ್ಷಣೆಯಿಲ್ಲದೆ ದುಡಿಯುವವರನ್ನು, ಮುಖ್ಯ ಕ್ವಾರಿಗಳಲ್ಲಿ ಕಡಿಮೆಯಾದರೂ ಕಲ್ಲುಚೂರುಗಳ ಕೆಲಸದಲ್ಲಿ ಉಳಿದುಕೊಂಡ ಮಕ್ಕಳನ್ನು ದಾಖಲಿಸಿತು.

ಅದಕ್ಕೂ ಎಷ್ಟೋ ಮೊದಲೇ ಜರ್ಮನಿಯ ಮ್ಯೂನಿಕ್, ನ್ಯೂರೆಂಬರ್ಗ್ ಮೊದಲಾದ ನಗರಗಳು ಬಾಲಕಾರ್ಮಿಕರ ಕೈಯಿಂದ ಬಂದ ಕಲ್ಲು ಬೇಡವೆಂದು ಹೊರಟಿದ್ದವು. ತಮ್ಮ ಬೀದಿಗೆ ಹಾಸುವ ಕಲ್ಲನ್ನು ಕೊಳ್ಳುವಾಗ ಷರತ್ತು ಹಾಕುವುದು ಅವುಗಳಿಗೆ ಕಷ್ಟವಾಗಲಿಲ್ಲ, ಏಕೆಂದರೆ ಅಲ್ಲಿ ಅವು ಗಿರಾಕಿಗಳು. ಆದರೆ ಸಮಾಧಿಯ ಕಲ್ಲನ್ನು ಕೊಳ್ಳುವುದು ನಗರವಲ್ಲ, ಸತ್ತವರ ಮನೆಯವರು. ಸ್ಮಶಾನದ ನಿಯಮಾವಳಿಯಲ್ಲಿ ನ್ಯೂರೆಂಬರ್ಗ್ ಇಂಥ ಕಲ್ಲನ್ನು ನಿಷೇಧಿಸಿದಾಗ ಕಲ್ಲುಕುಟಿಗರೇ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಜರ್ಮನಿಯ ಕೇಂದ್ರ ಆಡಳಿತ ನ್ಯಾಯಾಲಯ ನಗರದ ವಿರುದ್ಧ ತೀರ್ಪು ಕೊಟ್ಟಿತು: ಒಬ್ಬರ ಕಸುಬಿನ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಬೇಕಾದರೆ ಶಾಸನಸಭೆಯ ಸ್ಪಷ್ಟ ಕಾನೂನು ಬೇಕು, ಮೇಲಾಗಿ ಯಾವ ಪುರಾವೆ ತಂದರೆ ಸಾಕು ಎಂಬುದೇ ನಿಯಮದಲ್ಲಿ ತಿಳಿಯುವಂತಿಲ್ಲ. ಬಳಿಕ 2016ರಲ್ಲಿ, ನ್ಯೂರೆಂಬರ್ಗ್ ಇರುವ ಬವೇರಿಯಾ ರಾಜ್ಯ ತನ್ನ ಅಂತ್ಯಸಂಸ್ಕಾರ ಕಾಯ್ದೆಯನ್ನೇ ತಿದ್ದಿ ನಗರಗಳಿಗೆ ಆ ಅಧಿಕಾರ ಕೊಟ್ಟಿತು. ಇದೇ ಕಲ್ಲು, ಇದೇ ನಗರ. ಆದರೂ ಕೊಳ್ಳುವವನ ಅಧಿಕಾರ ಬೇರೆ, ಆಳುವವನ ಅಧಿಕಾರ ಬೇರೆ ಎಂಬುದನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ.

ಪುರಾವೆಯ ಪ್ರಶ್ನೆ ಯುರೋಪಿನಲ್ಲಿ ಇನ್ನೊಂದು ಕಡೆಯಿಂದಲೂ ಬಂತು. ನೆದರ್‌ಲೆಂಡ್ಸ್‌ನ ಉತ್ತರ ಹಾಲೆಂಡ್ ಪ್ರಾಂತ ಕಾಫಿ ಯಂತ್ರಗಳ ಟೆಂಡರಿನಲ್ಲಿ ನ್ಯಾಯವ್ಯಾಪಾರದ (ಫೇರ್ ಟ್ರೇಡ್) ನಿರ್ದಿಷ್ಟ ಮುದ್ರೆಯನ್ನು ಹೆಸರಿಸಿತ್ತು. 2012ರಲ್ಲಿ ಐರೋಪ್ಯ ನ್ಯಾಯಾಲಯ ಹೇಳಿದ್ದು ಇಷ್ಟು: ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಕ್ಕ ಕಾಫಿಯೇ ಬೇಕು ಎಂದು ಕೇಳಬಹುದು, ಆದರೆ ಇಂಥದೇ ಮುದ್ರೆ ಬೇಕು ಎನ್ನಬಾರದು, ಮುದ್ರೆಯ ಹಿಂದಿರುವ ಮಾನದಂಡಗಳನ್ನು ಬರೆಯಬೇಕು. 'ಸಾಮಾಜಿಕ ಹೊಣೆಯಿಂದ ವ್ಯವಹರಿಸುವವರಾಗಿರಬೇಕು' ಎಂಬ ಮೋಡದಂಥ ಷರತ್ತೂ ಅದೇ ತೀರ್ಪಿನಲ್ಲಿ ಬಿದ್ದುಹೋಯಿತು. 2014ರ ಐರೋಪ್ಯ ಒಕ್ಕೂಟದ ಖರೀದಿ ನಿರ್ದೇಶನ ಈ ವಿವೇಚನೆಯನ್ನು ಕಾನೂನಿನೊಳಗೆ ತಂದಿತು.

ಬೆಲೆ ಏರುತ್ತದಲ್ಲ ಎಂಬ ಆಕ್ಷೇಪ ಎಲ್ಲೆಡೆಯೂ ಬರುತ್ತದೆ. ಒಂದಿಷ್ಟು ಏರಬಹುದು, ಆದರೆ ಅಂಗಿಯ ಬೆಲೆಯಲ್ಲಿ ಹೊಲಿಗೆ ಕೂಲಿಯ ಪಾಲು ತೀರ ಸಣ್ಣದಾದ್ದರಿಂದ ಕೂಲಿ ಏರಿದ ಪ್ರಮಾಣದಲ್ಲಿ ಬೆಲೆ ಏರುವುದಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯಿದೆ. ನಗರವೊಂದರ ಆರ್ಡರ್ ಕಾರ್ಖಾನೆಯ ಒಟ್ಟು ಉತ್ಪಾದನೆಯಲ್ಲಿ ಎಳ್ಳಷ್ಟು. ಅದು ಗದರಿಸಿದರೆ ಯಾರು ಹೆದರುತ್ತಾರೆ? ಇನ್ನು ಉಲ್ಲಂಘನೆ ಕಂಡೊಡನೆ ಗುತ್ತಿಗೆ ರದ್ದುಮಾಡಿದರೆ ಆರ್ಡರ್ ಬೇರೆ ಕಾರ್ಖಾನೆಗೆ ಹೋಗಿ, ದೂರು ಕೊಟ್ಟ ಹೆಂಗಸರೇ ಕೆಲಸ ಕಳೆದುಕೊಳ್ಳುತ್ತಾರೆ. ಮೊದಲನೆಯದಕ್ಕೆ ಉತ್ತರವಾಗಿ ಅಮೆರಿಕದ ಕೆಲವು ನಗರ ಮತ್ತು ರಾಜ್ಯಗಳು 2010ರಲ್ಲಿ ಒಂದು ಜಂಟಿ ಖರೀದಿ ಒಕ್ಕೂಟ ಕಟ್ಟಿಕೊಂಡವು. ಎರಡನೆಯದಕ್ಕೆ ಸಿಗುವ ಉತ್ತರ ನಿಧಾನದ್ದು: ರದ್ದತಿ ಕೊನೆಯ ಅಸ್ತ್ರವಾಗಿರಬೇಕು, ಮೊದಲು ಬಾಕಿ ಕೂಲಿ ಕೊಡಿಸಬೇಕು, ಕೆಲಸದಿಂದ ತೆಗೆದವರನ್ನು ವಾಪಸು ಸೇರಿಸಬೇಕು, ಗಡುವು ಕೊಟ್ಟು ಕಾಯಬೇಕು.

ಹಾಗಾದರೆ ನಿಯಮ ಮಾಡಿಕೊಂಡ ನಗರವನ್ನೇ ಅದರ ಮಾತಿಗೆ ಕಟ್ಟಿಹಾಕುವವರು ಯಾರು? ನಿಯಮ ಸಾಮಾನ್ಯವಾಗಿ ಸಾಯುವುದು ಸಭಾಂಗಣದಲ್ಲಲ್ಲ, ಖರೀದಿ ವಿಭಾಗದ ಮೇಜಿನ ಮೇಲೆ. ಇಂತಿಷ್ಟು ಮೊತ್ತಕ್ಕಿಂತ ಮೇಲಿನ ಗುತ್ತಿಗೆಗೆ ಮಾತ್ರ ಅನ್ವಯ ಎಂದಿದ್ದರೆ ಖರೀದಿಯನ್ನು ತುಂಡು ಮಾಡಿ ಆ ಮೊತ್ತದ ಕೆಳಗೆ ಇಳಿಸಬಹುದು. ಬೇರೆ ಬಿಡ್ ಬರಲಿಲ್ಲ ಎಂದು ವಿನಾಯಿತಿ ಬರೆಯಬಹುದು. ಸಲಹಾ ಮಂಡಳಿಯ ಖಾಲಿ ಸ್ಥಾನಗಳನ್ನು ತುಂಬದೆ ಬಿಡಬಹುದು. ಇವುಗಳಲ್ಲಿ ಯಾವುದೂ ನಿಯಮವನ್ನು ಮುರಿಯುವುದಲ್ಲ, ಆದರೂ ನಿಯಮ ಇರುವುದಿಲ್ಲ. ಆದ್ದರಿಂದ ನಗರದ ಮೇಲೆ ಕಣ್ಣಿಡುವವರು ನೀತಿಯ ಪ್ರತಿ ಕೇಳಿ ತೃಪ್ತರಾಗಬಾರದು. ಕಳೆದ ವರ್ಷ ಎಷ್ಟು ಬಟ್ಟೆ ಗುತ್ತಿಗೆಗಳಾದವು, ಅವುಗಳಲ್ಲಿ ಎಷ್ಟಕ್ಕೆ ಕಾರ್ಖಾನೆ ವಿಳಾಸ ಸಲ್ಲಿಕೆಯಾಯಿತು, ಎಷ್ಟಕ್ಕೆ ಯಾರ ಸಹಿಯಲ್ಲಿ ವಿನಾಯಿತಿ ಸಿಕ್ಕಿತು, ತಪಾಸಣೆಗೆ ಬಜೆಟ್‌ನಲ್ಲಿ ಇಟ್ಟ ಹಣದಲ್ಲಿ ಎಷ್ಟು ಖರ್ಚಾಯಿತು: ಈ ನಾಲ್ಕು ಅಂಕಿಗಳು ಸಿಕ್ಕರೆ ಉಳಿದದ್ದು ತಾನಾಗಿ ಬಯಲಾಗುತ್ತದೆ.

ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಇಂಥ ನಿಯಮವಿಲ್ಲ. ಕರ್ನಾಟಕದ ಸರ್ಕಾರಿ ಖರೀದಿಯನ್ನು ಆಳುವುದು 1999ರ ಪಾರದರ್ಶಕತೆ ಕಾಯ್ದೆ. ಅದರ ಉದ್ದೇಶ ಟೆಂಡರಿನ ಪ್ರಾಮಾಣಿಕತೆ, ಅದರ ಬಾಯಿಪಾಠ ಎಲ್-ಒನ್, ಎಂದರೆ ಅತಿ ಕಡಿಮೆ ದರದ ಬಿಡ್. ಸಮವಸ್ತ್ರದ ಟೆಂಡರ್ ಎಂದರೆ ನೂಲು, ಬಣ್ಣ, ಜಗ್ಗುವಿಕೆಗಳ ಪರೀಕ್ಷೆ. ಹೊಲಿದವರ ಕೂಲಿಚೀಟಿ ಅದರಲ್ಲಿ ಬರುವುದಿಲ್ಲ. ಖರೀದಿ ಕಾನೂನಿನಲ್ಲಿ ಸಾಮಾಜಿಕ ಉದ್ದೇಶಕ್ಕೆ ಜಾಗವಿಲ್ಲ ಎಂದು ಮಾತ್ರ ಹೇಳಲಾಗದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಗುತ್ತಿಗೆದಾರರಿಗೆ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಮೀಸಲಾತಿಯನ್ನು ಇದೇ ಕಾಯ್ದೆಗೆ ತಿದ್ದುಪಡಿ ತಂದೇ ಕೊಡಲಾಯಿತು, 2023ರಲ್ಲಿ ಆ ಮಿತಿಯನ್ನು ಒಂದು ಕೋಟಿಗೆ ಏರಿಸಲಾಯಿತು.

ಅದೇ ಕರ್ನಾಟಕದಲ್ಲಿ, 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತುಟ್ಟಿಭತ್ಯೆಯಾಗಿ ತಿಂಗಳಿಗೆ ಸುಮಾರು 417 ರೂಪಾಯಿ ಹೆಚ್ಚಬೇಕಿತ್ತು. ದಿನಕ್ಕೆ ಹದಿನಾರು ರೂಪಾಯಿ. ಆಗ ದರ್ಶಿನಿಯ ಒಂದು ಲೋಟ ಕಾಫಿ. ಸರ್ಕಾರ ಅದನ್ನು ಮುಂದೂಡಲು ಅವಕಾಶ ಕೊಟ್ಟಿತು, ಹೈಕೋರ್ಟ್ ಬಾಕಿಸಹಿತ ಕೊಡಬೇಕೆಂದಿತು, ಆದರೂ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಸಲ್ಲಬೇಕಾದ ಹಣ ಹೀಗೆ ಉಳಿದಿದೆ ಎಂದು ಲೆಕ್ಕ ಹಾಕಿ ಹೊರಗೆ ಹೇಳಿದ್ದು ವರ್ಕರ್ ರೈಟ್ಸ್ ಕನ್ಸಾರ್ಷಿಯಂ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳು ತಮ್ಮ ಅಂಗಿಗಳ ಮೂಲ ಹುಡುಕಲು ನೇಮಿಸಿಕೊಂಡಿದ್ದ ಅದೇ ಸಂಸ್ಥೆ. ಇಲ್ಲಿನ ಸಂಘಗಳ ದನಿಗೆ ಹೊರಗಿನ ಈ ಲೆಕ್ಕವೂ ಸೇರಿದ ಮೇಲೆ, ಬೆಂಗಳೂರಿನಿಂದ ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಲು ಸಾಧ್ಯವಾಯಿತು. 2022ರ ಆರಂಭದ ಹೊತ್ತಿಗೆ ದೊಡ್ಡ ತಯಾರಕರು ಬಾಕಿ ಹಣ ಕೊಡಲು ಒಪ್ಪಿದರು. ಯಾವ ಕಾರ್ಖಾನೆ ಯಾವ ಬ್ರ್ಯಾಂಡಿಗೆ ಹೊಲಿಯುತ್ತದೆ ಎಂಬುದು ಕಾಗದದ ಮೇಲೆ ಇಲ್ಲದೆ ಹೋಗಿದ್ದರೆ ಆ ಪ್ರಶ್ನೆಯನ್ನು ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.